ನಲವತ್ತರ ಲೇಬಲ್ಲು

ಮಾರ್ಚ್ 3, ಸೋಮವಾರ

ಮೂರು ಪ್ಯಾಂಟು ಮುಗಿಯಿತು. ಒಂದು ಕೋಟಿನ ತೋಳು ಬಾಕಿ. ಇಸ್ತ್ರಿಯವಳು ಬಂದು ಅರ್ಧ ಗಂಟೆ ಬಾಯಿ ಬಡಿದು ಹೋದಳು — ಆ ಗದ್ದಲದಲ್ಲಿ ಒಂದು ಗುಂಡಿಯ ಕಾಜ ಕೆಟ್ಟಿತು. ಅವಳ ನಾದಿನಿಯ ಗೆಳತಿಯೊಬ್ಬಳು ದಪ್ಪ ಇಳಿಸುವ ಆಪರೇಷನ್ ಮಾಡಿಸಿಕೊಂಡು ಆರೇ ತಿಂಗಳಲ್ಲಿ ಬಳ್ಳಿಯ ಹಾಗೆ ಆದಳಂತೆ. ಬಳ್ಳಿ ಈಗ ಹೇಗಿದೆ ಎಂದು ಕೇಳಿದೆ. "ಅದು ಗೊತ್ತಿಲ್ಲಕ್ಕ, ಈಗ ಅವರಿಬ್ರಿಗೂ ಮಾತಿಲ್ಲ" ಅಂದಳು. ಅರ್ಧ ಕಥೆ ತಂದು ಪೂರ್ತಿ ಟೀ ಕುಡಿದು ಹೋಗುವ ಹೆಂಗಸು.

ಮಗಳು ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದಳು. ಬೆಳಗ್ಗೆ ಶಾಲೆಯ ಬಸ್ಸು ಓಡಿಸಿ ಬಂದು ಮಧ್ಯಾಹ್ನ ನನ್ನ ಹೊಲಿಗೆ ಕೋಣೆಯಲ್ಲೇ ಬೀಳುತ್ತಾಳೆ, ಮೂರಕ್ಕೆ ಮತ್ತೆ ಓಡಬೇಕು. ಗೊರಕೆ ಇರಲಿಲ್ಲ. ಅಂದರೆ ಎಚ್ಚರವಾಗಿದ್ದಳು. ಎಲ್ಲ ಕೇಳಿಸಿಕೊಂಡಿದ್ದಾಳೆ.

ಇಸ್ತ್ರಿಯವಳು ಹೋದ ಮೇಲೆ ನಿಜವಾದ ನಿದ್ದೆ ಬಂತು. ಗೊರಕೆ ಶುರುವಾಯಿತು. ಆಮೇಲೆ ನಿಂತಿತು. ನಾನೂ ಮಿಷನ್ನು ನಿಲ್ಲಿಸಿ ಎಣಿಸಿದೆ. ಹದಿನೆಂಟು ಎಣಿಸುವ ತನಕ ಉಸಿರಿಲ್ಲ. ಆಮೇಲೆ ಬಾವಿಯಲ್ಲಿ ಮುಳುಗಿ ಎದ್ದವಳ ಹಾಗೆ ಗಾಳಿ ಎಳೆದಳು. ಇದೇ ಪುಸ್ತಕದ ಮುಂಭಾಗದಲ್ಲಿ ಅವಳ ಅಳತೆಯ ಪುಟವಿದೆ, ಅದರ ಅಂಚಿನಲ್ಲಿ ಬರೆದಿಟ್ಟೆ — 18.

ಮಾರ್ಚ್ 5

ಊಟಕ್ಕೆ ಕೂತಾಗ ಹೇಳಿಯೇಬಿಟ್ಟಳು. "ಅಮ್ಮಾ, ಆ ಆಪರೇಷನ್ ಬಗ್ಗೆ ಕೇಳೋಕೆ ಆಸ್ಪತ್ರೇಲಿ ಹೆಸರು ಬರೆಸಿದ್ದೀನಿ. ಮುಂದಿನ ಬುಧವಾರ. ನೀನೂ ಬಾ."

ಬಡಿಸುತ್ತಿದ್ದ ಸೌಟನ್ನು ಪಾತ್ರೆಗೆ ಹಾಕಿದೆ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ನಮ್ಮ ಮನೆಯಲ್ಲಿ ಎರಡನ್ನೂ ಬಲ್ಲವರು ಹುಟ್ಟಲೇ ಇಲ್ಲ. ಬಾಯಿಗೆ ಬಂದದ್ದು ಅಂದೆ. "ಹೊಟ್ಟೆ ಕೊಯ್ಸಿಕೊಳ್ಳೋ ಬದಲು ಬಾಯಿ ಕಟ್ಟೋಕೆ ಆಗಲ್ವೇನೇ?" ಮಗಳು ತಟ್ಟೆ ಪಕ್ಕಕ್ಕೆ ಸರಿಸಿ ಎದ್ದಳು. ಅವಳು ಬಾಯಿ ಕಟ್ಟಿದ್ದು ನನಗೇ ಗೊತ್ತು. ಒಂದು ವರ್ಷ ಬರೀ ಸೊಪ್ಪು. ಒಂದು ವರ್ಷ ಬೆಳಗಾಗೆದ್ದು ಓಟ — ಮಂಡಿ ಹೋಯಿತು. ಏಳು ಕೆಜಿ ಇಳಿದು ಹತ್ತು ಏರಿತು. ಗೊತ್ತಿದ್ದೂ ಅಂದೆ. ಹೆದರಿಕೆಯಾದಾಗ ನನ್ನ ನಾಲಿಗೆ ಕತ್ತರಿಯಾಗುತ್ತದೆ.

ಮೊಮ್ಮಗಳು ಬಟನ್ನು ಎಲ್ಲರ ಮುಖ ನೋಡಿದಳು. (ತೊಟ್ಟಿಲಲ್ಲಿದ್ದಾಗಲೇ ನನ್ನ ಗುಂಡಿಯ ಡಬ್ಬಿ ಬೇಕೆಂದು ಅತ್ತವಳು, ಅದೇ ಹೆಸರಾಯಿತು. ಈಗ ಎಂಟು ವರ್ಷ.) ಅಳಿಯ ಲಿಫ್ಟ್ ರಿಪೇರಿ ಮಾಡುವವನು, ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಅವಳನ್ನು ನಗಿಸಲು ಹೇಳಿದ, "ಲಿಫ್ಟಲ್ಲಿ ಖಾಲಿ ಪೆಟ್ಟಿಗೆ ಇಳಿಸೋದೇ ಕಷ್ಟ ಗೊತ್ತಾ ಪುಟ್ಟಿ? ಆ ಕಡೆ ಕಬ್ಬಿಣದ ಭಾರ ತೂಗುತ್ತಲ್ಲ, ಅದಕ್ಕೆ ಮೋಟಾರು ಮುಲುಗುತ್ತೆ. ಜನ ಇದ್ರೆ ಸಲೀಸಾಗಿ ಇಳಿಯುತ್ತೆ." ಬಟನ್ನು ನಂಬಲಿಲ್ಲ. ನಾನೂ ನಂಬಲಿಲ್ಲ. ಅವನು ಚಮಚಕ್ಕೆ ದಾರ ಕಟ್ಟಿ ತೋರಿಸಿದ.

ಮಗಳು ಒಳಗಿಂದ ಕೂಗಿದಳು, "ಭಾರದ ಮಾತು ಬಿಟ್ಟು ಬೇರೆ ಇಲ್ವಾ ಈ ಮನೇಲಿ?"

ಮಾರ್ಚ್ 12, ಬುಧವಾರ. ಸಂಜೆ

ಆಸ್ಪತ್ರೆ. ಒಳಗೆ ಕಾಲಿಟ್ಟ ಕೂಡಲೇ ಆ ವಾಸನೆ. ತಂಗಿ ನೆನಪಾದಳು. ಸಣ್ಣ ಗಂಟು ತೆಗೆಸುವುದಕ್ಕೆಂದು ನಡೆದುಕೊಂಡೇ ಹೋದವಳು. "ಅಕ್ಕಾ, ಹಿಡ್ಕೊಂಡಿರು, ಈಗ ಬಂದೆ" ಎಂದು ಚಪ್ಪಲಿ ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಮೂವತ್ತೊಂದು ವರ್ಷವಾಯಿತು.

ತೂಕ ನೋಡಿದರು — ನೂರಿಪ್ಪತ್ತೆರಡು. ಮಗಳು ಯಂತ್ರ ಸರಿಯಿಲ್ಲ ಎಂದಳು. ಇನ್ನೊಂದರ ಮೇಲೆ ನಿಲ್ಲಿಸಿದರು. ಅದೂ ಅಷ್ಟೇ.

ಡಾಕ್ಟರು ಹೆಂಗಸು. ನಾನು ಇಟ್ಟ ಹೆಸರು ಕತ್ತರಿ ಡಾಕ್ಟರು. ಚಿತ್ರ ಬರೆದು ತೋರಿಸಿದರು. ಒಂದು ಬಗೆಯಲ್ಲಿ ಹೊಟ್ಟೆಯ ಮುಕ್ಕಾಲು ಪಾಲು ಕತ್ತರಿಸಿ ತೆಗೆದು, ಬಾಳೆಹಣ್ಣಿನಷ್ಟು ಕೊಳವೆ ಉಳಿಸುತ್ತಾರೆ. ಇನ್ನೊಂದರಲ್ಲಿ ಮೇಲೆ ಮೊಟ್ಟೆ ಗಾತ್ರದ ಚೀಲ ಮಾಡಿ, ಕರುಳನ್ನು ಅಡ್ಡದಾರಿಯಲ್ಲಿ ತಂದು ಅದಕ್ಕೆ ಜೋಡಿಸುತ್ತಾರೆ — ಬೈಪಾಸು. ಎದೆಯುರಿ ಇದ್ದವರಿಗೆ ಮೊದಲನೆಯದು ಅಷ್ಟು ಒಳ್ಳೆಯದಲ್ಲ. ನನ್ನ ಮಗಳಿಗೆ ನೀರು ಕುಡಿದರೂ ಎದೆಯುರಿ.

ಸುಮ್ಮನಿರಲಾಗಲಿಲ್ಲ. "ಕತ್ತರಿಸೋದು ಯಾಕೆ ಡಾಕ್ಟ್ರೇ? ಮಡಿಚಿ ಹೊಲಿದುಬಿಡಿ. ಬೇಡ ಅಂದ್ರೆ ನಾಳೆ ಬಿಚ್ಚಬಹುದು."

ನಗಲಿಲ್ಲ ಆಕೆ. "ಹಾಗೂ ಮಾಡಿ ನೋಡಿದ್ದಾರಮ್ಮ. ಎಷ್ಟೋ ಜನರಿಗೆ ಮತ್ತೆ ಹಿಗ್ಗಿತು. ನೀವು ಹೊಲಿಯೋರಾ?"

"ನಲವತ್ತು ವರ್ಷದಿಂದ."

"ಕತ್ತರಿಸೋ ಮುಂಚೆ ಎಷ್ಟು ಸಲ ಅಳೀತೀರಿ?"

"ಎರಡು ಸಲ."

"ನಾವು ತಿಂಗಳುಗಟ್ಟಲೆ ಅಳೀತೀವಿ. ಹೆದರಬೇಡಿ."

ಹೆದರಬೇಡಿ ಎಂದವರೆಲ್ಲ ನನ್ನನ್ನು ಹೆದರಿಸಿಯೇ ಹೋಗಿದ್ದಾರೆ.

ಮಗಳು ಕೇಳಿದಳು, "ಎಷ್ಟಕ್ಕೆ ಇಳೀತೀನಿ? ಐವತ್ತೈದು?" ಮದುವೆಗೆ ಮುಂಚೆ ಇದ್ದ ತೂಕ. ಆಸೆ ನೋಡು.

"ಇಲ್ಲ," ಅಂದರು ಡಾಕ್ಟರು. "ಒಂದೂವರೆ, ಎರಡು ವರ್ಷದಲ್ಲಿ ಎಂಬತ್ತು ಎಂಬತ್ತೈದರ ಹತ್ತಿರ ನಿಲ್ಲಬಹುದು. ಆಮೇಲೆ ಒಂದಿಷ್ಟು ವಾಪಸ್ ಬಂದ್ರೂ ಬರುತ್ತೆ. ಚರ್ಮ ಜೋಲುತ್ತೆ. ಸ್ವಲ್ಪ ದಿನ ಕೂದಲು ಉದುರುತ್ತೆ. ವಿಟಮಿನ್ ಮಾತ್ರೆ ಬದುಕಿರೋ ತನಕ. ಸಕ್ಕರೆ ಕಾಯಿಲೆ ತಗ್ಗುತ್ತೆ, ಮಂಡಿಗೆ ಆರಾಮ ಸಿಗುತ್ತೆ. ಅದಕ್ಕೋಸ್ಕರ ಆದ್ರೆ ಬನ್ನಿ. ಹಳೇ ಫೋಟೋಗೋಸ್ಕರ ಬರಬೇಡಿ."

ಮಗಳ ಮುಖ ನೀರು ಚಿಮುಕಿಸಿದ ಹತ್ತಿಬಟ್ಟೆಯ ಹಾಗೆ ಕುಗ್ಗಿತು.

ಸಾಯೋದು ಎಷ್ಟು ಜನ ಎಂದು ಕೇಳಿದವಳು ನಾನು. ಮಗಳು ನನ್ನ ಕೈ ಹಿಂಡಿದಳು. "ಸಾವಿರಕ್ಕೆ ಒಬ್ಬರೋ ಇಬ್ಬರೋ" ಅಂದರು. ಉಳಿದವರೆಲ್ಲ ಬದುಕಿದರು ಎಂದು ಬೇರೆಯವರಿಗೆ ಕೇಳಿಸಬಹುದು. ಆ ಒಬ್ಬಳ ಚಪ್ಪಲಿ ಹಿಡಿದು ನಿಂತವಳು ನಾನು.

ಆಮೇಲೆ ಡಯಟಿನಮ್ಮನ ಕೋಣೆ. ಚಿಕ್ಕ ಹುಡುಗಿ, ದೊಡ್ಡ ಕನ್ನಡಕ. ತೂಕ ಯಾವಾಗಿಂದ ಹೀಗಿದೆ? ಏರ್ತಾನೇ ಇದೆಯಾ, ನಿಂತಿದೆಯಾ?

ಮಗಳು ಎದೆಯುಬ್ಬಿಸಿ ಹೇಳಿದಳು, "ಐದಾರು ವರ್ಷದಿಂದ ಹೀಗೇ ಇದೆ ಮೇಡಂ. ಯಂತ್ರದ ಮೇಲೆ ನಿಲ್ಲಲ್ಲ ನಾನು, ಆದ್ರೆ ಯೂನಿಫಾರ್ಮ್ ಪ್ಯಾಂಟಿನ ಸೈಜು ಬದಲಾಗಿಲ್ಲ. ನಲವತ್ತು. ಅಮ್ಮನೇ ಹೊಲಿಯೋದು, ಕೇಳಿ ಬೇಕಾದ್ರೆ."

ಡಯಟಿನಮ್ಮ ನನ್ನ ಕಡೆ ತಿರುಗಿದಳು.

ಹೂಂ ಅಂದೆ.

"ನಿದ್ದೇಲಿ ಉಸಿರು ಕಟ್ಟುತ್ತಾ? ಹಗಲು ತೂಕಡಿಕೆ?" "ಇಲ್ಲ ಮೇಡಂ, ಡ್ರೈವರ್ ನಾನು" ಅಂದಳು ಮಗಳು. ಅದಕ್ಕೂ ಸುಮ್ಮನಿದ್ದೆ.

ತೂಕ ನಿಂತಿದ್ದರೆ ಆತುರವಿಲ್ಲ, ಆರು ತಿಂಗಳು ಔಷಧಿ, ಪಥ್ಯ ಮಾಡಿ ನೋಡೋಣ ಎಂದಾಯಿತು. ಮಗಳಿಗೆ ಅರ್ಧ ಬೇಸರ, ಅರ್ಧ ನಿರಾಳ. ನನಗೆ ಪೂರ್ತಿ ನಿರಾಳ. ಬಸ್ಸಿನಲ್ಲಿ ಬರುವಾಗ ಕಿಟಕಿಯ ಕಡೆ ಮುಖ ಮಾಡಿ ಕೂತೆ.

ಮಾರ್ಚ್ 13

ಬರೆದುಬಿಡುತ್ತೇನೆ. ಇದನ್ನು ಓದುವವರು ಯಾರು.

ಆರು ವರ್ಷದ ಹಿಂದೆ. ಮಗಳು ಅಂಗಡಿಗೆ ಹೋಗಿ ಒಂದು ಹಸಿರು ಕೋಟು ಕೇಳಿದಳು. ಅಲ್ಲಿಯವಳು ಮೇಲಿಂದ ಕೆಳಗೆ ನೋಡಿ, "ನಿಮ್ಮ ಸೈಜು ಇಲ್ಲಿ ಬರಲ್ಲ, ಪರದೆ ಅಂಗಡಿ ಎದುರಿಗಿದೆ" ಅಂದಳಂತೆ. ಮಗಳು ಎರಡು ದಿನ ಅನ್ನ ಮುಟ್ಟಲಿಲ್ಲ. ಅದೇ ವಾರ ಹೊಸ ಯೂನಿಫಾರ್ಮು ಹೊಲಿಯಬೇಕಿತ್ತು. ಸೊಂಟ ನಲವತ್ತೆರಡು ಬಂದಿತ್ತು. ನಲವತ್ತೆರಡೇ ಹೊಲಿದೆ. ಲೇಬಲ್ಲು ಮಾತ್ರ ನಲವತ್ತರದ್ದು ಹಾಕಿದೆ. ಹಾಕಿಕೊಂಡು ಕನ್ನಡಿಯ ಮುಂದೆ ತಿರುಗಿ, "ನೋಡಮ್ಮ, ಏನೂ ದಪ್ಪ ಆಗಿಲ್ಲ ನಾನು!" ಅಂದಳು. ಅವತ್ತು ಎರಡು ಸಲ ಬಡಿಸಿಕೊಂಡು ಉಂಡಳು.

ಆಮೇಲೆ ನಲವತ್ತನಾಲ್ಕಕ್ಕೂ ನಲವತ್ತು. ನಲವತ್ತೆಂಟಕ್ಕೂ ನಲವತ್ತು. ಅಳೆಯುವಾಗ ಟೇಪನ್ನು ಅವಳ ಬೆನ್ನ ಹಿಂದೆ ಓದುತ್ತೇನೆ. ನಡುವೆ ಬಿಗಿಯಾದರೆ, ಒಗೆದು ಹಾಕಿದ ಪ್ಯಾಂಟನ್ನು ತಂದು ಒಳಗಿನ ಹೊಲಿಗೆ ಬಿಚ್ಚಿ ಅರ್ಧ ಇಂಚು ಬಿಟ್ಟು ಕೊಡುತ್ತೇನೆ. ಗುಟ್ಟಾಗಿ.

ಈ ಪುಸ್ತಕದ ಮುಂಭಾಗದ ಅಳತೆ ಪುಟಗಳಲ್ಲಿ ಮಾತ್ರ ನಿಜ ಇದೆ. ಬಟ್ಟೆಗೆ ಸುಳ್ಳು ಹೇಳಿದರೆ ಬಟ್ಟೆ ಹಾಳಾಗುತ್ತದೆ, ಅದಕ್ಕೇ ಬರೆದಿದ್ದೇನೆ. ಹೋದ ತಿಂಗಳ ಸೊಂಟ — ಐವತ್ತೆರಡು.

ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ನಾನು ಹೆಗ್ಗಣಕ್ಕೆ ಇಲಿಯ ಚೀಟಿ ಅಂಟಿಸಿದೆ.

ಮಾರ್ಚ್ 20

ಮಧ್ಯಾಹ್ನ — 22. ಮತ್ತೆ 19. ಮತ್ತೆ 26.

ಇಪ್ಪತ್ತಾರಕ್ಕೆ ಎದ್ದುಹೋಗಿ ಭುಜ ಅಲುಗಾಡಿಸಿದೆ. "ಏನಮ್ಮಾ, ಕಣ್ಣು ಮುಚ್ಚೋಕೂ ಬಿಡಲ್ವಲ್ಲ" ಎಂದು ರೇಗಿದಳು. ಔಷಧಿ ಶುರುವಾಗಿ ವಾರ. ಹೊಟ್ಟೆ ತೊಳಸುತ್ತದಂತೆ. ಆರು ತಿಂಗಳು ಕಳೆಯಲಿ. ಅಷ್ಟರಲ್ಲಿ ಮನಸ್ಸು ಬದಲಾಗಲಿ.

ಏಪ್ರಿಲ್ 4, ಶುಕ್ರವಾರ

ಬಸ್ಸು ಶಾಲೆಯ ಗೇಟಿನ ಕಂಬಕ್ಕೆ ತಾಗಿತು. ಹದಿನಾರು ಮಕ್ಕಳಿದ್ದರು. ಯಾರಿಗೂ ಏನೂ ಆಗಿಲ್ಲ. ಯಾರಿಗೂ ಏನೂ ಆಗಿಲ್ಲ.

ಮಗಳು ಬ್ರೇಕು ಸರಿಯಿರಲಿಲ್ಲ ಎಂದಳು. ಬಟನ್ನು ಅದೇ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂರುತ್ತಾಳೆ. ನನ್ನ ಮಿಷನ್ನಿನ ಕೆಳಗೆ ತೂರಿಕೊಂಡು ಗುಂಡಿ ಆರಿಸುತ್ತ ಹೇಳಿದಳು:

"ಅಜ್ಜಿ, ಅಮ್ಮ ಗೊರಕೆ ಹೊಡೆದಳು."

"ಯಾವಾಗ?"

"ಗೇಟ್ ಹತ್ರ. ಚಿಕ್ಕ ಗೊರಕೆ. ನಾನು ಅಮ್ಮಾ ಅಂತ ಕೂಗಿದೆ, ಆಗ ಬ್ರೇಕ್ ಹಾಕಿದಳು. ಯಾರಿಗೂ ಹೇಳಬೇಡ ಅಂದಿದ್ದಾಳೆ. ನೀನು ಯಾರೂ ಅಲ್ವಲ್ಲ."

ಹೌದು. ನಾನು ಯಾರೂ ಅಲ್ಲ. ಅಂಚಿನಲ್ಲಿ ಲೆಕ್ಕ ಬರೆದುಕೊಂಡು ಸುಮ್ಮನೆ ಕೂತವಳು. ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲ.

ಏಪ್ರಿಲ್ 7, ಸೋಮವಾರ

ಆಸ್ಪತ್ರೆಗೆ ಈ ಅಳತೆ ಪುಸ್ತಕ ತೆಗೆದುಕೊಂಡು ಹೋದೆ. ಒಬ್ಬಳೇ ಹೋಗೋಣ ಅಂದುಕೊಂಡಿದ್ದೆ. ಬೆನ್ನ ಹಿಂದೆ ಟೇಪು ಓದಿದ್ದು ಸಾಕು ಅನ್ನಿಸಿತು. ಮಗಳನ್ನೂ ಕರೆದುಕೊಂಡು ಹೋದೆ, ಯಾಕೆಂದು ಹೇಳಲಿಲ್ಲ.

ಕತ್ತರಿ ಡಾಕ್ಟರ ಮೇಜಿನ ಮೇಲೆ ತೆರೆದಿಟ್ಟೆ. "ಇದು ಇವಳ ಪುಟ. ಪುಸ್ತಕದ ಹಿಂಭಾಗದ ಹಾಳೆಗಳನ್ನ ತಿರುಗಿಸಬೇಡಿ, ಅಲ್ಲಿ ನಿಮ್ಮನ್ನೂ ಬೈದಿದ್ದೀನಿ." ಅವರು ಬೆರಳಿಟ್ಟು ಓದಿದರು. ನಲವತ್ತು, ನಲವತ್ತೆರಡು, ನಲವತ್ತನಾಲ್ಕು... ಐವತ್ತೆರಡು. ಪ್ರತಿಯೊಂದಕ್ಕೂ ತಾರೀಖು. "ಅಂಚಿನಲ್ಲಿರೋದು ಏನಮ್ಮ?" ಉಸಿರು ನಿಂತ ಲೆಕ್ಕ ಅಂದೆ. ಅವರ ಪೆನ್ನು ನಿಂತಿತು.

ಮಗಳು ಪುಸ್ತಕ ನೋಡಿದಳು. ನನ್ನನ್ನು ನೋಡಿದಳು. ಆಮೇಲೆ ಅಲ್ಲೇ, ಡಾಕ್ಟರ ಎದುರೇ, ಸೊಂಟದ ಪಟ್ಟಿ ಹೊರಳಿಸಿ ಲೇಬಲ್ಲು ನೋಡಿದಳು. ನಲವತ್ತು.

"ಕನ್ನಡಿ ಸುಳ್ಳು ಹೇಳುತ್ತೆ ಅಂದ್ಕೊಂಡಿದ್ದೆ ಕಣಮ್ಮ," ಅಂದಳು, ಮೆತ್ತಗೆ. "ಕನ್ನಡಿ ಸುಳ್ಳು, ಫೋಟೋ ಸುಳ್ಳು, ಆ ತೂಕದ ಯಂತ್ರಾನೂ ಸುಳ್ಳು. ಇದೊಂದೇ ನಿಜ ಅಂತ."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ನಿದ್ದೆಯ ಪರೀಕ್ಷೆ ಮಾಡಬೇಕು, ಅಲ್ಲಿಯತನಕ ಬಸ್ಸಿನ ಸ್ಟಿಯರಿಂಗ್ ಮುಟ್ಟಬಾರದು ಎಂದರು ಡಾಕ್ಟರು. ಮಗಳು ತಲೆಯಾಡಿಸಿ ಎದ್ದು ಹೋದಳು. ನನ್ನನ್ನು ಬಿಟ್ಟು. ಮನೆಯ ದಾರಿ ಸಿಗದವಳ ಹಾಗೆ ತುಂಬಾ ಹೊತ್ತು ಕೂತಿದ್ದೆ.

ಏಪ್ರಿಲ್ 29

ಇಪ್ಪತ್ತೆರಡು ದಿನ. ಮಗಳು ನನ್ನೊಂದಿಗೆ ಮಾತಾಡಿಲ್ಲ. ಬಟನ್ನು ನಮ್ಮಿಬ್ಬರ ನಡುವೆ ಟಪಾಲು. "ಅಜ್ಜಿಗೆ ಹೇಳು ಊಟಕ್ಕೆ ಬರೋಕೆ." "ಅಮ್ಮನಿಗೆ ಹೇಳು ಹಸಿವಿಲ್ಲ ಅಂತ." "ಅಜ್ಜಿಗೆ ಹೇಳು ನಾಟಕ ಬೇಡ ಅಂತ."

ಪರೀಕ್ಷೆ ಆಯಿತು. ಒಂದು ಗಂಟೆಗೆ ನಲವತ್ತಕ್ಕೂ ಹೆಚ್ಚು ಸಲ ಉಸಿರು ಕಟ್ಟುತ್ತದಂತೆ. ಅಲ್ಲೂ ನಲವತ್ತು. ಮೂಗಿಗೆ ಮಾಸ್ಕು, ಅದಕ್ಕೊಂದು ಪೈಪು, ಪೈಪಿಗೊಂದು ಯಂತ್ರ. ಶಾಲೆಯವರು ಸದ್ಯಕ್ಕೆ ಗೇಟಿನಲ್ಲಿ ಹಾಜರಿ ಬರೆಯಲು ಕೂರಿಸಿದ್ದಾರೆ. ಅವಳೇ ತಾಗಿಸಿದ ಕಂಬದ ಪಕ್ಕ.

ಮಧ್ಯಾಹ್ನ ನನ್ನ ಕೋಣೆಗೆ ಬರುವುದಿಲ್ಲ. ಮಂಚದ ಮೇಲೆ ಬಟ್ಟೆ ರಾಶಿ ಹಾಕಿದ್ದೇನೆ, ಖಾಲಿ ಕಾಣದಿರಲಿ ಎಂದು.

ಮೇ 11, ಭಾನುವಾರ

ಬಂದಳು. ಬಟ್ಟೆಯ ರಾಶಿ ಪಕ್ಕಕ್ಕೆ ತಳ್ಳಿ ಕೂತಳು.

"ಮಾಸ್ಕು ಹಾಕ್ಕೊಂಡು ಮಲಗಿದ್ರೆ ಬಸ್ಸು ಓಡಿಸಬಹುದಂತೆ. ಆಪರೇಷನ್ನಿಗೆ ಆತುರ ಇಲ್ಲ ಅಂದ್ರು. ಬಿಡೋದೂ ಮಾಡಿಸೋದೂ ನನ್ನಿಷ್ಟವಂತೆ."

ದೇವರೇ ಬಿಡಿಸು ಅಂದುಕೊಂಡೆ.

"ಮಾಡಿಸ್ಕೋತೀನಿ. ಬೈಪಾಸು. ಎಂಬತ್ತೈದಾದ್ರೂ ಸಾಕು. ಚರ್ಮ ಜೋತುಬಿದ್ರೆ ಮಡಿಚಿ ಹೊಲಿ."

ಇದು ನಗಿಸುವ ಮಾತೋ ಅಳಿಸುವ ಮಾತೋ ತಿಳಿಯಲಿಲ್ಲ. "ನನಗೆ ಭಯ ಕಣೇ" ಅಂದೆ. ಅರವತ್ತೇಳು ವರ್ಷದಲ್ಲಿ ಬೈಗುಳ ಸೇರಿಸದೆ ಆಡಿದ ಮೊದಲ ಮಾತು ಇರಬೇಕು.

"ನನಗೂ," ಅಂದಳು. ಎದ್ದು ನಿಂತು ಕೈ ಎರಡೂ ಮೇಲೆತ್ತಿದಳು. "ಅಳೆ. ಮುಂದಿನಿಂದ. ಜೋರಾಗಿ ಹೇಳು."

ಅಳೆದೆ. "ಐವತ್ತೆರಡೂವರೆ."

"ಇನ್ನೊಂದು ಸಲ."

"ಐವತ್ತೆರಡೂವರೆ."

"ಬರ್ಕೋ."

ಜೂನ್ 10

ಹೊಟ್ಟೆಯೊಳಗಿನ ಲಿವರ್ರು ಕುಗ್ಗಬೇಕೆಂದು ಎರಡು ವಾರ ಬರೀ ನೀರುನೀರಾದ ಆಹಾರ. ಇವತ್ತಿಗೆ ಏಳು ದಿನ. ಮನೆಯಲ್ಲಿ ಒಲೆಯ ಮುಂದೆ ನಿಲ್ಲಲು ನನಗೆ ನಾಚಿಕೆ. ಅಳಿಯನೂ ಸೂಪೇ ಕುಡಿಯುತ್ತಾನೆ, ಹೇಳದೆ. ಪಾಪ, ಬೆಲ್ಟಿಗೆ ಹೊಸ ತೂತು ಹೊಡೆದುಕೊಂಡಿದ್ದಾನೆ. ಆಪರೇಷನ್ ಅವಳಿಗೋ ಇವನಿಗೋ.

ಇಸ್ತ್ರಿಯವಳು ಉಳಿದರ್ಧ ಕಥೆ ತಂದಳು. ಬಳ್ಳಿಯಾದವಳು ಮಾತ್ರೆ ನುಂಗುವುದನ್ನು ಬಿಟ್ಟು, ರಕ್ತವಿಲ್ಲದೆ ಆಸ್ಪತ್ರೆ ಸೇರಿದ್ದಳಂತೆ. ಈಗ ಪರವಾಗಿಲ್ಲವಂತೆ. ಮಗಳು ಮಂಚದ ಮೇಲಿಂದಲೇ, "ಅಕ್ಕಾ, ನನ್ನ ಮಾತ್ರೆ ನಮ್ಮಮ್ಮ ನುಂಗಿಸ್ತಾಳೆ ಬಿಡಿ, ಬಾಯಿ ಒತ್ತಿ ಹಿಡಿದು" ಅಂದಳು.

ಮಾಸ್ಕು ಬಂದ ಮೇಲೆ ಗೊರಕೆ ಇಲ್ಲ. ಆದರೂ ಎಣಿಸುತ್ತೇನೆ. ಮೂರರ ಮೇಲೆ ಹೋಗಿಲ್ಲ.

ಜೂನ್ 17, ಮಂಗಳವಾರ. ಬೆಳಗ್ಗೆ 9:20

ಆಸ್ಪತ್ರೆ. ನೆಲಮಹಡಿಯ ಬೆಂಚು. ಆಪರೇಷನ್ ಕೋಣೆ ಐದನೇ ಮಹಡಿ. ನಮ್ಮನ್ನು ಅಲ್ಲಿ ನಿಲ್ಲಗೊಡುವುದಿಲ್ಲ. ಎಲ್ಲ ಸರಿಹೋದರೆ ಎದುರಿಗಿರುವ ಈ ದೊಡ್ಡ ಲಿಫ್ಟಿನಲ್ಲೇ ಕೆಳಗೆ ತಂದು ಪಕ್ಕದ ವಾರ್ಡಿಗೆ ಸೇರಿಸುತ್ತಾರಂತೆ. ಏನಾದರೂ ಹೆಚ್ಚುಕಮ್ಮಿಯಾದರೆ ಮೇಲೇ ಇಟ್ಟುಕೊಳ್ಳುತ್ತಾರಂತೆ.

ಒಳಗೆ ಹೋಗುವಾಗ ಚಪ್ಪಲಿ ಬಿಚ್ಚಿ ನನ್ನ ಕಡೆ ಚಾಚಿದಳು. ಕೈ ಹಿಂದೆ ಕಟ್ಟಿಕೊಂಡೆ. "ನನಗೆ ಕೊಡಬೇಡ. ಅಲ್ಲೇ ಬಿಡು. ಬಂದು ನೀನೇ ಹಾಕ್ಕೋ." ಅಳಿಯ ಎತ್ತಿಕೊಂಡು ಚೀಲಕ್ಕೆ ಹಾಕಿದ. ಅವನಿಗೆ ತಂಗಿಯ ಕಥೆ ಗೊತ್ತಿಲ್ಲ.

ನನ್ನ ಕೈಗೆ ಬೇರೊಂದು ಕೊಟ್ಟು ಹೋದಳು. ನಲವತ್ತರ ಲೇಬಲ್ಲು. ಬಿಚ್ಚಿ ತೆಗೆದಿದ್ದಾಳೆ, ಒಂದು ಎಳೆ ಹರಿಯದೆ. ಕೆಲಸ ಕಲಿತಿದ್ದಾಳೆ. "ಇಟ್ಕೊಂಡಿರು. ಯಾವತ್ತಾದ್ರೂ ನಿಜವಾಗ್ಲೂ ನಲವತ್ತು ಬಂದ್ರೆ ಹಾಕು. ಬರದಿದ್ರೆ ಬಿಸಾಕು."

11:45

ಎರಡೂವರೆ ಗಂಟೆ ಎಂದಿದ್ದರು. ಎರಡೂವರೆ ಆಗುತ್ತ ಬಂತು. ಬಟನ್ನು ಶಾಲೆಯಲ್ಲಿ. ಟೇಪು ಕೊರಳಲ್ಲೇ ಇದೆ, ಮನೆಯಲ್ಲಿ ಬಿಟ್ಟು ಬರಲು ಮರೆತೆ. ನರ್ಸು ನೋಡಿ ನಕ್ಕಳು.

12:30

ಮೂರು ಗಂಟೆ ದಾಟಿತು. ಯಾರೂ ಏನೂ ಹೇಳುವುದಿಲ್ಲ. ಕೌಂಟರಿನವಳು "ಆಗುತ್ತೆ ಕೂತ್ಕೊಳ್ಳಿ ಅಜ್ಜಿ" ಅಂದಳು. ಏನಾಗುತ್ತೆ?

ಲಿಫ್ಟು ಮೂರು ಸಲ ಐದರಿಂದ ಇಳಿಯಿತು. ಮೂರು ಸಲವೂ ಖಾಲಿ. ಬಾಗಿಲು ತೆರೆಯುವ ಮೊದಲೇ ಅಳಿಯ "ಯಾರಿಲ್ಲ ಅತ್ತೆ" ಅಂದ. ಹೇಗೆ ಗೊತ್ತು ಅಂದೆ. ಮೋಟಾರು ಮುಲುಗುತ್ತಿದೆ, ಕೇಳಿ ಅಂದ. ಕೇಳಿದೆ. ಹೌದು. ಹೆರಿಗೆ ನೋವು ಬಂದವಳ ಹಾಗೆ ನರಳುತ್ತದೆ.

12:50

ಆರು ವರ್ಷ ಅವಳ ಭಾರ ಮುಚ್ಚಿಟ್ಟೆ. ಮೂರು ತಿಂಗಳಿಂದ ಭಾರ ಇಳಿಯಲಿ ಎಂದು ಬೇಡಿಕೊಂಡೆ. ಈಗ ಒಂದೇ ಬೇಡಿಕೆ. ಆ ಲಿಫ್ಟಿನ ಪೆಟ್ಟಿಗೆಯಲ್ಲಿ ಭಾರ ಇರಲಿ. ನೂರಿಪ್ಪತ್ತೆರಡೂ ಇರಲಿ, ಒಂದು ಗ್ರಾಮೂ ಕಮ್ಮಿ ಬೇಡ.

1:10

ಐದರ ದೀಪ ಹತ್ತಿತು. ತುಂಬಾ ಹೊತ್ತು ಅಲ್ಲೇ ನಿಂತಿದೆ. ಬಾಗಿಲು ಹಿಡಿದಿದ್ದಾರೆ, ಏನೋ ಒಳಗೆ ತರುತ್ತಿದ್ದಾರೆ ಎಂದು ಅಳಿಯ ಎದ್ದು ನಿಂತ. ಗೋಡೆಗೆ ಕಿವಿ ಹಚ್ಚಿದ. ಹೊರಟಿತು. ನಾಲ್ಕು. ಕೇಳಿ ಹೇಳಪ್ಪಾ ಅಂದೆ. ಕೈ ಎತ್ತಿ ಸುಮ್ಮನಿರಿ ಅಂದ. ಮೂರು. ನಾನೂ ಕಿವಿ ಕೊಟ್ಟೆ. ಮುಲುಗು ಇಲ್ಲ. ಸಲೀಸಾಗಿ, ಎಣ್ಣೆ ಹಾಕಿದ ಮಿಷನ್ನಿನ ಹಾಗೆ... ಅಳಿಯ ಚೀಲದಿಂದ ಚಪ್ಪಲಿ ತೆಗೆಯುತ್ತಿದ್ದಾನೆ. ಎರಡು. ಒಂ—